ನಿಮ್ಮ ಮುತ್ಯಾನ ಎಲುಬು, ಒಂದು ಹಳೆಯ ಮಾತು

ಹೋದ ಎಳ್ಳಮಾವಾಸ್ಯೆಗೆ ನಾವೆಲ್ಲ ಮಟಕಿ ಊರಿನ ನಮ್ಮ ಹೊಲಕ್ಕೆ ಹೋಗಿದ್ದೆವು. ಭೂತಾಯಿಗೆ ಎಡೆಯ ಚರಗ ಚೆಲ್ಲಿ ಬಂದು ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದ್ದೆ. ಮೊಮ್ಮಕ್ಕಳು ನೀವು ಅಲ್ಲೇ ಬದುವಿನ ಹತ್ತಿರ ಹಿರಿಯರನ್ನು ಮಣ್ಣು ಮಾಡಿದ ಗದ್ದುಗೆಗಳ ಸುತ್ತ ಓಡುತ್ತ, ಇದು ಯಾರದು, ಇದು ಯಾರದು ಎಂದು ಕೇಳುತ್ತಿದ್ದಿರಿ. ನಿಮ್ಮಲ್ಲಿ ಎಲ್ಲರಿಗಿಂತ ಸಣ್ಣವಳು ಬಂದು, "ನಮ್ಮ ಮುತ್ಯಾಂದು ಎಲ್ಲಿ ಅದ ಆಯಿ?" ಎಂದಳು. ನಾನು ಭಜ್ಜಿ ಪಲ್ಯ ಬಡಿಸುವ ನೆಪದಲ್ಲಿ ಮುಖ ತಿರುಗಿಸಿದೆ. ನಿಮ್ಮ ದೊಡ್ಡ ಮುತ್ಯಾ, ಅಂದರೆ ನನ್ನ ಗಂಡನ ಅಣ್ಣ, ತಮ್ಮ ಮನೆಯಿಂದ ತಂದ ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದು ಹೋದರು.

ಬಾಯಿಂದ ಹೇಳಲು ನನಗೆ ಬರುವುದಿಲ್ಲ. ಮೊದಲಿನಿಂದಲೂ ನಾನು ಬಾಗಿಲ ಹಿಂದೆ ನಿಂತವಳು. ಅಫಜಲಪುರದ ಕಡೆಯ ನನ್ನ ತವರೂರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಕಲಿತಿದ್ದೇನೆ, ಅಷ್ಟು ಅಕ್ಷರ ಸಾಕು. ಮುತ್ಯಾನಿಗೆ ಗದ್ದುಗೆ ಯಾಕಿಲ್ಲ ಎಂದು ಹೇಳಬೇಕಾದರೆ ಒಂದು ಇಂಗ್ಲಿಷ್ ಮಾತಿನಿಂದ ಶುರು ಮಾಡಬೇಕು. ನನಗೆ ಬರುವ ಇಂಗ್ಲಿಷ್ ಮಾತುಗಳು ಕಡಿಮೆ. ಅವುಗಳಲ್ಲಿ ಇದೊಂದು ಬಾರದೇ ಇದ್ದಿದ್ದರೆ ಚೆನ್ನಾಗಿತ್ತು.

ಎಕ್ಸ್‌ಕಾರ್ನೇಶನ್.

ಅದನ್ನು ಮೊದಲು ಕೇಳಿದ್ದು ಜೇವರ್ಗಿಯಲ್ಲಿ, ನಿಮ್ಮ ಅತ್ತೆ, ಅಂದರೆ ನನ್ನ ಮಗಳ ಮನೆಯಲ್ಲಿ. ಆ ಮನೆ ವಿಜಯಪುರದ ರಸ್ತೆಗೇ ಹತ್ತಿಕೊಂಡಿದೆ. ಲಾರಿ ಹೋದರೆ ಪಾತ್ರೆ ಪಗಡ ಅಲುಗುತ್ತವೆ. ಅತ್ತೆಯ ಮಗಳು, ನಿಮ್ಮ ಅಕ್ಕ, ಆಗ ಕಲಬುರಗಿಯಲ್ಲಿ ಡಾಕ್ಟರಿಕೆ ಕಲಿಯಲು ಸೇರಿ ಮೊದಲ ರಜೆಗೆ ಬಂದಿದ್ದಳು. ಅವಳ ಕೈಯಲ್ಲೊಂದು ಚೀಲ. ಅದರಲ್ಲಿ ಮನುಷ್ಯರ ಎಲುಬು. ಮೊದಲ ವರ್ಷದವರು ಎಲುಬುಗಳನ್ನು ಮುಟ್ಟಿ ನೋಡಿ ಹೆಸರು ಬಾಯಿಪಾಠ ಮಾಡಬೇಕಂತೆ.

"ಹೊರಗ ಇಡು ಮೊದಲ! ಅಡಗಿ ಮನಿ ಕಡೆ ತಂದಿ ಅಂದ್ರ ನೋಡು," ಎಂದು ನಿಮ್ಮ ಅತ್ತೆ ಹೊಸ್ತಿಲಲ್ಲೇ ಅಡ್ಡ ನಿಂತಳು.

"ಅವ್ವ, ಇದು ಸೀನಿಯರ್ ಕಡಿಂದ ತಂದದ್ದು, ವಾಪಸ್ ಕೊಡಬೇಕು. ಹೊರಗ ಇಟ್ರ ನಾಯಿ ಒಯ್ತಾವ."

"ಒಯ್ಲಿ ಬಿಡು, ನಾಯಿನೇ ಡಾಕ್ಟರ್ ಆಗ್ತದ," ಎಂದು ನಿಮ್ಮ ಮುತ್ಯಾ ನಕ್ಕರು. "ತಾ ಬೇ ಇಲ್ಲಿ, ನಾ ನೋಡ್ತೇನಿ."

ಆಳಂದದ ಬಸ್ ಸ್ಟ್ಯಾಂಡಿನ ಹತ್ತಿರ ಅವರ ಸೈಕಲ್ ರಿಪೇರಿ ಅಂಗಡಿ ಇದ್ದದ್ದು ನಿಮಗೆ ನೆನಪಿರಬೇಕು. ಯಾವ ವಸ್ತು ಕೈಗೆ ಬಂದರೂ ತಿರುವಿ, ತೂಗಿ, ಎಲ್ಲಿ ಕೂಡಿದೆ ಎಂದು ನೋಡುವುದು ಅವರ ಚಟ. ತೊಡೆಯ ಎಲುಬನ್ನೂ ಹಾಗೇ ತಿರುವಿ ನೋಡಿದರು.

"ಯಾರ್ದವ್ವ ಇದು?"

"ಗೊತ್ತಿಲ್ಲ ಮುತ್ಯಾ. ಸೊಂಟದ ಎಲುಬು ನೋಡಿದ್ರ ಹೆಣ್ಣು ಅನಸ್ತದ."

ಅವರು ತಟ್ಟನೆ ಅದನ್ನು ಚಾಪೆಯ ಮೇಲೆ ಇಟ್ಟುಬಿಟ್ಟರು. ಪರರ ಹೆಣ್ಣುಮಗಳ ಮೈ ಮುಟ್ಟಿದವರ ಹಾಗೆ ಕೈ ಹಿಂದೆ ಕಟ್ಟಿಕೊಂಡರು. "ಹಂಗಾದ್ರ ಆಕಿಗೆ ಜರಾ ಛಲೋ ಬಟ್ಟಿ ಹಾಸಬೇ," ಎಂದರು. ನಾನು ಒಳಗಿಂದ ನನ್ನ ಹಳೆಯ ಇಳಕಲ್ ಸೀರೆಯ ತುಂಡೊಂದನ್ನು ತಂದುಕೊಟ್ಟೆ.

ಆಮೇಲೆ ಅವರು ಕೇಳಿದರು, "ಇಷ್ಟು ಸ್ವಚ್ಛ ಹೆಂಗ ಆಗ್ತದ ಇದು? ಮಾಂಸ, ನರ, ಏನೂ ಉಳದಿಲ್ಲ."

ಅದಕ್ಕೆ ಒಂದು ಮಾತಿದೆ ಎಂದು ನಿಮ್ಮ ಅಕ್ಕ ಹೇಳಿದಳು. ಈಗಿನ ಪುಸ್ತಕಗಳಲ್ಲಿ ಆ ಮಾತು ಹೆಚ್ಚಾಗಿ ಸಿಗುವುದಿಲ್ಲ. ಅಲ್ಲಿ ನೀರಲ್ಲಿ ನೆನೆಹಾಕುವುದು ಎಂಬ ಅರ್ಥದ ಬೇರೆ ಮಾತಿದೆಯಂತೆ. ಇವಳಿಗೆ ಇದು ಸಿಕ್ಕದ್ದು ಲೈಬ್ರರಿಯ ಒಂದು ಹಳೆಯ ದಪ್ಪ ಡಿಕ್ಷನರಿಯಲ್ಲಿ. ಎಲುಬಿನಿಂದ ಮಾಂಸ ಬಿಡಿಸುವುದು ಎಂದು ಅದರ ಅರ್ಥ. ಹುಟ್ಟಿದ್ದು ಲ್ಯಾಟಿನ್ ಎಂಬ ಹಳೆಯ ಭಾಷೆಯಲ್ಲಿ. ಆ ಭಾಷೆಯಲ್ಲಿ ಎಕ್ಸ್ ಅಂದರೆ ಹೊರಗೆ, ಕಾರ್ನಿಸ್ ಅಂದರೆ ಮಾಂಸದ್ದು. ಎರಡೂ ಕೂಡಿ, ಮಾಂಸದಿಂದ ಹೊರಗೆ ಬರುವುದು ಅಥವಾ ತರುವುದು. ಅದೇ ಮಾತಿಗೆ ಮುಂದೆ ಇನ್ ಹಚ್ಚಿದರೆ, ಅಂದರೆ ಒಳಗೆ ಎಂದು ಹಚ್ಚಿದರೆ, ಇನ್‌ಕಾರ್ನೇಶನ್. ದೇವರು ಮೈ ತೊಟ್ಟು ಬರುವುದಕ್ಕೆ ಅವರು ಹಾಗೆ ಅನ್ನುತ್ತಾರಂತೆ.

"ನಾವು ಅವತಾರ ಅಂತೇವಲ್ಲ, ಅದು. ಅದು ಮೈಯೊಳಗ ಬರೋದು, ಇದು ಮೈಯಿಂದ ಹೊರಗ ಹೋಗೋದು," ಎಂದಳು.

"ನಮ್ಮ ಮನ್ಯಾಗ ದಿನಾ ನೋಡ್ತೇನಿ ಒಂದು ಅವತಾರ," ಎಂದು ಮುತ್ಯಾ ನನ್ನ ಕಡೆ ಕಣ್ಣು ಹಾಯಿಸಿದರು. ಎಲ್ಲರೂ ನಕ್ಕರು. ನಾನೂ ಸೆರಗು ಬಾಯಿಗೆ ಹಿಡಿದು ನಕ್ಕೆ.

ನಕ್ಕರೂ ಆ ಮಾತು ಒಳಗೆಲ್ಲೋ ಚುಚ್ಚಿತು. ನಾವು ಮಣ್ಣು ಮಾಡುವುದು ಅನ್ನುತ್ತೇವೆ. ಸತ್ತವರನ್ನು ಕೂಡಿಸಿ, ಹಣೆತುಂಬ ವಿಭೂತಿ ಹಚ್ಚಿ, ಅವರ ಇಷ್ಟಲಿಂಗವನ್ನು ಅವರದೇ ಎಡಗೈಯಲ್ಲಿ ಇಟ್ಟು, ಬದುಕಿದವರು ಕೂತ ಹಾಗೇ ಕುಣಿಯೊಳಗೆ ಇಳಿಸುತ್ತೇವೆ. ಮೇಲೆ ಪತ್ರಿ, ವಿಭೂತಿ, ಮಣ್ಣು. ಅಲ್ಲಿಗೆ ನಮ್ಮ ಮಾತು ಮುಗಿಯುತ್ತದೆ. ಆ ಮಣ್ಣಿನೊಳಗೆ ಮಾಂಸ ಹೇಗೆ ಹೋಗುತ್ತದೆ, ಎಲುಬು ಹೇಗೆ ಉಳಿಯುತ್ತದೆ ಎಂಬುದಕ್ಕೆ ನನಗೆ ಗೊತ್ತಿದ್ದ ಕನ್ನಡದಲ್ಲಿ ಮಾತಿರಲಿಲ್ಲ. ನಮ್ಮವರು ಯಾರೂ ಅದನ್ನು ನೋಡಲು ನಿಲ್ಲಲಿಲ್ಲ, ಅದಕ್ಕೇ ಇರಬೇಕು. ಯಾವುದೋ ಊರಿನ ಜನ ನಿಂತು ನೋಡಿ ಹೆಸರಿಟ್ಟಿದ್ದರು.

ಆ ರಜೆಯಲ್ಲೇ ನಿಮ್ಮ ಅಕ್ಕ ಇನ್ನೊಂದು ಸಂಗತಿ ಹೇಳಿದಳು. ಕಾಲೇಜಿನಲ್ಲಿ ಕಲಿಯಲು ದೇಹಗಳು ಸಿಗುವುದಿಲ್ಲ. "ಒಂದು ಟೇಬಲ್ ಸುತ್ತ ಇಡೀ ಹಿಂಡೇ ನಿಂತಿರ್ತೇವಿ ಮುತ್ಯಾ. ಹಿಂದ ನಿಂತವರಿಗೆ ಮುಂದಿನವರ ಬೆನ್ನೇ ಕಾಣ್ತಾವ."

ಅವರು ಚಹಾದ ಬಟ್ಟಲು ಕೆಳಗಿಟ್ಟರು. "ಬಿಚ್ಚದ ಹೊರತು ಕಲಿಯೋದು ಹೆಂಗ?" ಎಂದರು. ಊರಿಗೆ ಮರಳಿದ ಮೇಲೆ, ತಾನು ಸತ್ತರೆ ದೇಹ ಕಾಲೇಜಿಗೆ ಎಂದು ಎಲ್ಲರ ಮುಂದೆ ಹೇಳಿಬಿಟ್ಟರು. ದೊಡ್ಡ ಮುತ್ಯಾ ಹಾರಿಬಿದ್ದರು.

"ಏ ಹುಚ್ಚ! ಸೈಕಲ್ ಬಿಚ್ಚಿದಂಗ ನಿನ್ನ ಬಿಚ್ಚತಾರ. ತಿರುಗಿ ಜೋಡಿಸೋರು ಯಾರು?"

"ಜೋಡಿಸೂದು ಬ್ಯಾಡಣ್ಣ. ಯಾವ ನಟ್ ಎಲ್ಲಿ ಅದ ಅಂತ ಹುಡುಗರಿಗೆ ತಿಳಿದ್ರ ಸಾಕು."

"ಅಪ್ಪನ ಮಗ್ಗಲಿಗೆ ಜಾಗಾ ಬಿಟ್ಟೇನಿ ನಿನಗ. ಅಲ್ಲಿ ಯಾರನ್ನ ಕೂಡಸ್ಲಿ?"

"ನೀನೇ ಜರಾ ಅಗಲಾಗಿ ಕೂಡು."

ನಾನು ಬಾಗಿಲ ಹಿಂದೆ ಇದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ಮಲಗುವ ಮುಂಚೆ ಅವರೇ ಕೇಳಿದರು, "ನಿನಗ ಸಿಟ್ಟೇನ?" ಎಂದು. "ಇಲ್ರಿ" ಎಂದೆ. ಅದು ಸುಳ್ಳಲ್ಲ. ಸಾವು ಇನ್ನೂ ದೂರದ ಮಾತಾಗಿತ್ತು, ಅಷ್ಟೇ.

ಅವರು ಹೋದದ್ದು ಬೇಸಿಗೆಯಲ್ಲಿ, ಬೆಳಗಿನ ಜಾವ. ನಾನು ಚಹಾ ತಂದಾಗ ಮೈ ಇನ್ನೂ ಬೆಚ್ಚಗಿತ್ತು. ನಾನು ಕೂಗಿದ್ದು ಕೇಳಿ ಓಣಿಯವರೆಲ್ಲ ಬಂದರು. ನಿಮ್ಮ ಅಪ್ಪ ಕಲಬುರಗಿಗೆ ಫೋನ್ ಮಾಡಲು ಹೊರಗೆ ಹೋದ. ಅಷ್ಟರಲ್ಲಿ ಓಣಿಯ ಹಿರಿಯಳೊಬ್ಬಳು, "ಕೂಡಸ್ರಿ, ಲಗೂನ ಕೂಡಸ್ರಿ, ಮೈ ಬಿರುಸಾತಂದ್ರ ಕಾಲು ಮಡಚಾಕ ಬರಂಗಿಲ್ಲ," ಎಂದಳು. ನಮ್ಮಲ್ಲಿ ಯಾರು ಸತ್ತರೂ ಮೊದಲು ಹೇಳುವ ಮಾತೇ ಅದು. ಯಾರಿಗೂ ಬೇರೆ ವಿಚಾರ ಬರಲಿಲ್ಲ. ಕಾಲು ಮಡಚಿ ಪದ್ಮಾಸನ ಹಾಕಿಸಿದರು. ಬೀಳಬಾರದೆಂದು ಎದೆಗೆ ಧೋತರ ಸುತ್ತಿ ಗೋಡೆಯ ಗೂಟಕ್ಕೆ ಕಟ್ಟಿದರು. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಇಟ್ಟು ಬೆರಳು ಮಡಚಿದರು. ಭಜನೆಯವರು ಬಂದರು. ಕಾಲೇಜಿಗೆ ಹೋಗಬೇಕಾದವರನ್ನು ಕೂಡಿಸಬಾರದು, ಮಲಗಿಸಿಡಬೇಕು ಎಂಬುದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹಾಗೆ ನಮ್ಮೂರಿಂದ ಹೋದವರು ಇವರೇ ಮೊದಲು.

ಕಾಲೇಜಿನ ಗಾಡಿ ಬರುವುದು ತಡವಾಯಿತು. ಬಿಸಿಲು ಸೂರಿನ ಪತ್ರಾಸ್ ತಗಡಿನ ಮೇಲೆ ಕಾದು ಒಳಗೆ ಬೇಯಿಸುತ್ತಿತ್ತು. ಮಧ್ಯಾಹ್ನ ದಾಟಿದ ಮೇಲೆ ಗಾಡಿ ಬಂತು. ಅದರಲ್ಲೇ ನಿಮ್ಮ ಅಕ್ಕನೂ ಬಂದಳು. ಗಾಡಿಯ ಇಬ್ಬರು ಸ್ಟ್ರೆಚರ್ ಹಿಡಿದು ಪಡಸಾಲೆಗೆ ಬಂದವರು ಹಾಗೇ ನಿಂತುಬಿಟ್ಟರು.

"ಕೂಡಿಸಿಬಿಟ್ಟೀರಲ್ರಿ," ಎಂದ ಅವರಲ್ಲಿ ಹಿರಿಯ.

ಕಾಲು ಬಿಡಿಸಲು ನೋಡಿದರು. ಬರಲಿಲ್ಲ. ಮಲಗಿಸಿದರೆ ಮಂಡಿಗಳು ಮೇಲೆದ್ದು ನಿಂತವು. ಹೆಂಗಸರು ಬಾಯಿಗೆ ಸೆರಗಿಟ್ಟರು. ದೊಡ್ಡ ಮುತ್ಯಾ ಅದನ್ನು ನೋಡಿ, "ನೋಡ್ರಿ, ಆತಗ ಹೋಗೋ ಮನಸ್ಸಿಲ್ಲ. ಕುಣಿ ತೋಡ್ರಿ," ಎಂದು ಗದ್ದಲ ಎಬ್ಬಿಸಿದರು.

ನಿಮ್ಮ ಅಕ್ಕ ಅಳುತ್ತಲೇ ಅಡ್ಡ ಬಂದಳು. "ಮುತ್ಯಾ ಅಂದದ್ದು ನೀವೂ ಕೇಳೀರಿ. ಕೂತಂಗೇ ಒಯ್ತೇವಿ. ನಾ ಹಿಡಕೊಂಡು ಕೂಡ್ತೇನಿ."

ಲಿಂಗವನ್ನು ಜೊತೆಗೆ ಕಳಿಸಲು ಬರುವುದಿಲ್ಲ ಎಂದು ಗಾಡಿಯವರು ಹೇಳಿದರು. ಪೂಜೆಗೆ ಬಂದಿದ್ದ ಮಠದ ಅಯ್ಯನವರು ಬೆರಳು ಬಿಡಿಸಲು ಹೋದರೆ ಮುಷ್ಟಿ ಬಿಚ್ಚಲಿಲ್ಲ. "ಯವ್ವಾ, ನೀನೇ ಬಾ," ಎಂದು ನನ್ನನ್ನು ಕರೆದರು. ಅಷ್ಟು ಜನರ ಎದುರು ನಾನು ಅವರ ಕೈ ಹಿಡಿದದ್ದು ಮದುವೆಯ ದಿನ ಬಿಟ್ಟರೆ ಅವತ್ತೇ. ಬಿಸಿನೀರಲ್ಲಿ ಬಟ್ಟೆ ಅದ್ದಿ, ಮುಷ್ಟಿಯ ಮೇಲೆ ಇಟ್ಟು ಇಟ್ಟು, ಒಂದೊಂದೇ ಬೆರಳನ್ನು ಬಿಡಿಸಿದೆ. ಉಗುರಿನ ಸಂದಿಯಲ್ಲಿ ಇನ್ನೂ ಸೈಕಲ್ ಗ್ರೀಸು ಇತ್ತು.

ಗಾಡಿಯಲ್ಲಿ ಅವರನ್ನು ಹಾಗೇ ಕೂಡಿಸಿದರು. ಒಂದು ಮಗ್ಗಲಿಗೆ ಗಾಡಿಯವನು, ಇನ್ನೊಂದು ಮಗ್ಗಲಿಗೆ ನಿಮ್ಮ ಅಕ್ಕ. ಸಂತೆಗೆ ಹೊರಟವರ ಹಾಗೆ ನಿಮ್ಮ ಮುತ್ಯಾ ಕೂತುಕೊಂಡೇ ಊರು ಬಿಟ್ಟರು.

ಲಿಂಗವನ್ನು ಏನು ಮಾಡುವುದು ಎಂದು ಅಯ್ಯನವರನ್ನು ಕೇಳಿದೆವು. ದೇಹವಿಲ್ಲದೆ ಗದ್ದುಗೆ ಇಲ್ಲ, ಹರಿಯುವ ನೀರಿಗೆ ಕೊಡಿ ಎಂದರು. ನಿಮ್ಮ ಅಪ್ಪನ ಜೊತೆ ಹೋಗಿ ಜೇವರ್ಗಿ ಹಾದಿಯಲ್ಲಿ ಭೀಮೆಯ ನೀರಿಗೆ ಇಳಿದು ಬಿಟ್ಟು ಬಂದೆ. ಅದು ಮುಳುಗುವಾಗ ಸಪ್ಪಳವೂ ಆಗಲಿಲ್ಲ.

ಕೆಲವು ದಿನ ಬಿಟ್ಟು ನಿಮ್ಮ ಅಕ್ಕ ಬಂದಳು. ಬಂದವಳು ಊಟಕ್ಕೆ ಕೂಡಲಿಲ್ಲ, ಅಡಿಗೆಮನೆಯ ಗೋಡೆಗೆ ಆನಿಕೊಂಡು ನಿಂತಳು. ಅಷ್ಟು ಹೊತ್ತು ಬಿಸಿಲಲ್ಲಿ ಕೂತಿದ್ದರಿಂದ ಮೈ ಕೆಟ್ಟಿತ್ತಂತೆ. ದೇಹ ಉಳಿಯಲೆಂದು ನರಗಳಲ್ಲಿ ಬಿಡುವ ಔಷಧಿ ಎಲ್ಲ ಕಡೆ ಹರಿಯಲಿಲ್ಲವಂತೆ. ಹುಡುಗರು ಟೇಬಲ್ ಸುತ್ತ ನಿಂತು ಕಲಿಯುವುದಕ್ಕೆ ಅವರು ಬರುವುದಿಲ್ಲ.

"ಮತ್ತ?" ಎಂದೆ.

"ಎಲುಬು ಅಷ್ಟೇ ಇಟ್ಕೋತಾರ ಆಯಿ."

ಆಗ ಆ ಇಂಗ್ಲಿಷ್ ಮಾತು ತಾನಾಗಿಯೇ ನನ್ನ ಬಾಯಿಗೆ ಬಂತು. ಪೂರಾ ಸರಿಯಾಗಿ ಅನ್ನಲು ಬರಲಿಲ್ಲ. ಅವಳು ಹೌದೆಂದು ತಲೆ ಹಾಕಿದಳು. ಹೇಗೆ ಮಾಡುತ್ತಾರೆ ಎಂದು ಕೇಳಿದೆ. "ಬ್ಯಾಡ ಆಯಿ" ಎಂದಳು. ನಾನು ಬಿಡಲಿಲ್ಲ. ಬಿಡಿಸುವಷ್ಟು ಬಿಡಿಸಿ, ನೀರಿನ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ನೆನೆಯಲು ಬಿಡುತ್ತಾರೆ, ಆಮೇಲೆ ಕುದಿಸುತ್ತಾರೆ, ಉಜ್ಜಿ ತೊಳೆದು ಒಣಗಿಸುತ್ತಾರೆ ಎಂದು ಹೇಳಿ ನನ್ನ ಮಗ್ಗಲಿಗೆ ಕೂತಳು. "ನಾ ಅವತ್ತು ಆ ಚೀಲ ತರಬಾರದಿತ್ತು," ಎಂದು ನನ್ನ ತೊಡೆಯ ಮೇಲೆ ತಲೆ ಇಟ್ಟು ಅತ್ತಳು. ಅವಳನ್ನು ಸಮಾಧಾನ ಮಾಡುತ್ತ ನಾನು ಅಳುವುದನ್ನು ಮರೆತೆ. ಎಷ್ಟೋ ದಿನ ಒಲೆಯ ಮೇಲೆ ಕುದಿಯುವ ಪಾತ್ರೆಯ ಮುಚ್ಚಳ ತೆಗೆಯಲು ನನ್ನ ಕೈ ಏಳುತ್ತಿರಲಿಲ್ಲ.

ಮಾಂಸದಿಂದ ಹೊರಗೆ. ನನಗೆ ಗೊತ್ತಿದ್ದದ್ದು ಆ ಮಾಂಸವೇ ಅಲ್ಲವೇ ಮಕ್ಕಳೇ? ಅವರ ಬೆನ್ನು, ಕಿವಿಯ ಹಾಲೆ, ನಕ್ಕರೆ ಅಲುಗುವ ಹೊಟ್ಟೆ. ಜ್ವರ ಬಂದಾಗ ನಾನು ಮುಟ್ಟಿ ನೋಡುತ್ತಿದ್ದ ಹಣೆ. ಎಲುಬಿನ ಪರಿಚಯ ನನಗಿರಲಿಲ್ಲ. ಪರಿಚಯ ಇದ್ದದ್ದೆಲ್ಲ ಹೊರಗೆ ಹೋಯಿತು. ಹೊರಗೆ ಅಂದರೆ ಎಲ್ಲಿಗೆ ಎಂದು ಆ ಮಾತು ಹೇಳುವುದಿಲ್ಲ. ಮಣ್ಣಾಗಿದ್ದರೆ ಇಂಥ ಬದುವಿನ ಹತ್ತಿರ, ಇಂಥ ಗಿಡದ ಕೆಳಗೆ ಎಂದು ಬೆರಳು ತೋರಿಸಬಹುದಿತ್ತು. ಆ ಮಣ್ಣಿನ ಮೇಲೆ ಕೈಯಾದರೂ ಇಡಬಹುದಿತ್ತು.

ಸುದ್ದಿ ದೊಡ್ಡ ಮುತ್ಯಾನ ಕಿವಿಗೂ ಬಿತ್ತು. ಅವರು ನಮ್ಮ ಪಡಸಾಲೆಗೆ ಬಂದು ಕೂತರು. "ಆತ ಕೊಟ್ಟದ್ದು ಹುಡುಗರು ಬಿಚ್ಚಿ ಕಲೀಲಿ ಅಂತ. ಅದು ಆಗಲಿಲ್ಲ. ಮಾತು ಅಲ್ಲಿಗೇ ಮುಗೀತು. ಎಲುಬು ತರೋಣು. ಮಣ್ಣು ಕೊಡೋಣು," ಎಂದರು. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಮನಸ್ಸೂ ಅದನ್ನೇ ಬೇಡುತ್ತಿತ್ತು. ನಿಮ್ಮ ಅಕ್ಕ ಕಾಲೇಜಿನ ಮೇಡಂ ಅವರನ್ನು ಕೇಳಿದಳು. ತಿರುಗಿ ಕೊಡುವ ರೂಢಿ ಇಲ್ಲ, ಆದರೂ ಹೆಂಡತಿ ಬಂದು ಬಾಯಿಬಿಟ್ಟು ಕೇಳಿದರೆ ಇಲ್ಲ ಅನ್ನುವುದಿಲ್ಲ ಎಂದರಂತೆ. ಎಲುಬು ತಯಾರಾದ ಮೇಲೆ ಹೇಳಿ ಕಳಿಸುತ್ತೇವೆ ಎಂದರಂತೆ.

ಹೇಳಿ ಕಳಿಸಿದಾಗ ಊರಲ್ಲಿ ತೊಗರಿಯ ರಾಶಿ ನಡೆದಿತ್ತು. ದೊಡ್ಡ ಮುತ್ಯಾ ಹೊಸ ಬಿಳಿ ಮಸ್ರಾಯಿ ನೂಲಿನ ಬಟ್ಟೆ ತಂದಿದ್ದರು, ಎಲುಬು ಕಟ್ಟಿಕೊಂಡು ಬರಲು. ಹೊಲದಲ್ಲಿ ಕುಣಿ ತೋಡಿಸಿಯೇ ಹೊರಟಿದ್ದರು. ಬಸ್ಸಿನಲ್ಲಿ ಅವರು ಮುಂದೆ ಕೂತರು, ನಾನು ಹಿಂದೆ. ಅವರ ತಮ್ಮನ ಹೆಂಡತಿಯಾಗಿ ಆ ಮನೆಗೆ ಬಂದ ದಿನದಿಂದ ನಾನು ಅವರ ಎದುರು ನಿಂತು ಮಾತಾಡಿದವಳಲ್ಲ. ಏನು ಬೇಕಿದ್ದರೂ ನಿಮ್ಮ ಮುತ್ಯಾನ ಮುಂದೆ ಹೇಳಿ ಹೇಳಿಸುತ್ತಿದ್ದೆ.

ಕಾಲೇಜಿನಲ್ಲಿ ಒಂದು ತಣ್ಣಗಿನ ಕೋಣೆ. ಉದ್ದನೆಯ ಮೇಜಿನ ಮೇಲೆ ಎಲುಬುಗಳನ್ನು ಮನುಷ್ಯ ಮಲಗಿದ ಹಾಗೆ ಜೋಡಿಸಿದ್ದರು. ಕಾಲು ಚಾಚಿಕೊಂಡಿದ್ದವು. ದೊಡ್ಡ ಮುತ್ಯಾ ಬಾಗಿಲಲ್ಲೇ ನಿಂತರು. ನಿಮ್ಮ ಅಕ್ಕ ನನ್ನ ರಟ್ಟೆ ಹಿಡಿದಳು. ನನಗೆ ಹೆದರಿಕೆ ಆಗಲಿಲ್ಲ. ಇವರು ಯಾರೋ ಅನಿಸಿತು, ಅದೇ ದುಃಖ. ತಲೆಯ ಬುರುಡೆಯಲ್ಲಿ ಅವರನ್ನು ಹುಡುಕಿದೆ, ಸಿಗಲಿಲ್ಲ.

"ಎಡಗೈ ನೋಡ್ರಿ ಅಮ್ಮ," ಎಂದರು ಮೇಡಂ. "ಮಣಿಕಟ್ಟಿನ ಮೇಲೆ ಮುರಿದು, ಸೊಟ್ಟಗೆ ಕೂಡಿದೆ. ಯಾವಾಗ ಮುರಿದಿತ್ತು?"

ಮದುವೆಯಾದ ವರ್ಷ. ಪಂಚಮಿಗೆ ನನ್ನ ತವರಿಗೆ ಬಂದಿದ್ದರು. ಹೆಣ್ಣುಮಕ್ಕಳ ಜೋಕಾಲಿ ಏರಿ, ನನಗೆ ತೋರಿಸಲೆಂದು ಜೀಕಿ ಜೀಕಿ ಕೆಳಗೆ ಬಿದ್ದರು. ನನ್ನ ಗೆಳತಿಯರು ಬಿದ್ದು ಬಿದ್ದು ನಕ್ಕಿದ್ದರು. ನಮ್ಮೂರಿನ ನಾಟಿ ವೈದ್ಯ ಬಿದಿರಿನ ದಬ್ಬೆ ಕಟ್ಟಿದ್ದ. ಅದು ಕೂಡುವವರೆಗೆ ಅವರಿಗೆ ರೊಟ್ಟಿ ಮುರಿದು ಕೊಟ್ಟವಳು ನಾನು. ನಾವು ಇಬ್ಬರೂ ಮೊದಲು ಮನಸ್ಸು ಬಿಚ್ಚಿ ಮಾತಾಡಿದ್ದು ಆ ದಿನಗಳಲ್ಲೇ.

ಅದನ್ನೆಲ್ಲ ಮೇಡಂ ಮುಂದೆ ಹೇಳಲಿಲ್ಲ. "ಜೋಕಾಲಿಯಿಂದ ಬಿದ್ದಿದ್ರು," ಎಂದೆ ಅಷ್ಟೇ. ಆ ಎಲುಬಿನ ಗಂಟಿನ ಮೇಲೆ ಬೆರಳಿಟ್ಟೆ. ಅದು ನನಗೆ ಗೊತ್ತಿತ್ತು. ಚರ್ಮದ ಮೇಲಿಂದ ಎಷ್ಟೋ ಸಲ ಮುಟ್ಟಿದ ಗಂಟು ಅದು.

"ಹಿಂಗ ಮುರಿದು ಕೂಡಿದ್ದು ಹುಡುಗರಿಗೆ ತೋರಿಸಲು ಸಿಗುವುದಿಲ್ಲ," ಎಂದು ಮೇಡಂ ಮೆಲ್ಲಗೆ ಹೇಳಿದರು. "ಆದರೆ ನಿಮ್ಮ ಇಚ್ಛೆ. ಒಯ್ಯುವುದಿದ್ದರೆ ಒಯ್ಯಿರಿ."

ದೊಡ್ಡ ಮುತ್ಯಾ ಬಟ್ಟೆ ಬಿಚ್ಚಿ ಮೇಜಿನ ತನಕ ಬಂದರು. ಎಲ್ಲರೂ ನನ್ನ ಮುಖ ನೋಡಿದರು. ಕಿಟಕಿಯ ಹೊರಗೆ ಬಿಳಿ ಕೋಟಿನ ಹುಡುಗ ಹುಡುಗಿಯರು ಪುಸ್ತಕ ಎದೆಗೊತ್ತಿಕೊಂಡು ಹೋಗುತ್ತಿದ್ದರು. ಟೇಬಲ್ಲಿನ ಹಿಂದೆ ನಿಂತು ಬೆನ್ನು ನೋಡುವವರು ಇವರೇ ಇರಬೇಕು ಅನಿಸಿತು. ಒಯ್ಯುತ್ತೇನೆ ಎಂದರೆ ನಿಮ್ಮ ಮುತ್ಯಾ ಹೇಳಿದ ಮಾತಿನಲ್ಲಿ ಉಳಿದಿದ್ದ ಒಂದು ಚೂರನ್ನೂ ನಾನೇ ಮಣ್ಣು ಮಾಡಿದ ಹಾಗೆ. ಬಿಡುತ್ತೇನೆ ಎಂದರೆ ನನಗೆ ಏನೂ ಇಲ್ಲ.

"ಇಲ್ಲೇ ಇರ್ಲಿ ಭಾವ," ಎಂದೆ. ಸೆರಗು ಸರಿಸಿ, ಅವರ ಮುಖ ನೋಡಿ ಹೇಳಿದೆ.

 "ನಿನಗ ಮಾತು ಬರ್ತದ ಅಂತ ಗೊತ್ತಿರ್ಲಿಲ್ಲ ತಂಗಿ," ಎಂದರು. ಅದರಲ್ಲಿ ಸಿಟ್ಟಿತ್ತೋ ಅಳುವಿತ್ತೋ ಈಗಲೂ ನನಗೆ ತಿಳಿಯುವುದಿಲ್ಲ. ಬಟ್ಟೆಯನ್ನು ಮೇಜಿನ ಅಂಚಿಗೆ ಬಿಟ್ಟು ಹೊರಗೆ ನಡೆದರು. ಬರುವಾಗ ಬೇರೆ ಬಸ್ಸು ಹಿಡಿದರು. ತೋಡಿದ ಕುಣಿಯನ್ನು ಮರುದಿನ ತಾವೇ ಸಲಿಕೆ ಹಿಡಿದು ಮುಚ್ಚಿದರಂತೆ, ಆಳಿನ ಕೈಗೆ ಕೊಡಲಿಲ್ಲವಂತೆ. ಅವತ್ತಿನಿಂದ ನಮ್ಮ ಮನೆಯ ನೀರು ಕುಡಿದಿಲ್ಲ. ನೀವು ಅವರ ಮೇಲೆ ಸಿಟ್ಟಾಗಬೇಡಿ. ಅವರದು ತಮ್ಮನನ್ನು ಕಳೆದುಕೊಂಡ ಜೀವ. ನನ್ನ ಒಂದು ಮಾತಿಗೆ ಅವರು ತಮ್ಮನನ್ನು ಎರಡನೇ ಸಲ ಕಳೆದುಕೊಂಡರು.

ನಿಮ್ಮ ಅಕ್ಕ ಮೊನ್ನೆ ಅಂಜುತ್ತಂಜುತ್ತ ಕೇಳಿದಳು, "ಆಯಿ, ನೀನೂ ಕೊಡ್ತಿಯೇನು? ಹಂಗಾದ್ರ ಮುತ್ಯಾ ಇರೋ ಕಡೆನೇ ಇರ್ತಿ."

ಅದನ್ನು ನಾನು ಯೋಚಿಸದೆ ಬಿಟ್ಟಿಲ್ಲ. ಆದರೆ ನನ್ನಿಂದ ಆಗುವುದಿಲ್ಲ ಮಕ್ಕಳೇ. ಬದುಕಿರುವಾಗ ಡಾಕ್ಟರ ಮುಂದೆ ತೋಳು ಬಿಚ್ಚಲೂ ನಾಚಿದವಳು ನಾನು. ಗುರುತಿಲ್ಲದವರು ನನ್ನನ್ನು ಮಾಂಸದಿಂದ ಹೊರಗೆ ತರುವುದನ್ನು ನೆನೆದರೆ ಈಗಲೇ ಮೈ ಮುದುಡುತ್ತದೆ. ನಿಮ್ಮ ಮುತ್ಯಾನಿಗಿದ್ದ ಧೈರ್ಯ ನನಗಿಲ್ಲ. ಅವಳಿಗೂ ಹಾಗೇ ಹೇಳಿದೆ, "ಇಲ್ಲವ್ವ, ನನಗ ಮಣ್ಣೇ ಬೇಕು."

ಹಾಗಾಗಿ ನಾನು ಹೊಲದಲ್ಲಿ ಇರುತ್ತೇನೆ, ಅವರು ಕಲಬುರಗಿಯಲ್ಲಿ. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದವರು, ಇನ್ನು ಮುಂದೆ ಎಂದಿಗೂ ಒಂದೇ ಕಡೆ ಇರುವುದಿಲ್ಲ. ಕಾಲೇಜಿನಲ್ಲಿ ಇಲ್ಲೇ ಇರಲಿ ಎಂದು ಹೇಳುವಾಗ ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.